ಡಿಸ್ಕ್‌ಗೆ ಹಾಕಿದ್ದೆಲ್ಲ ಬ್ಯಾಕಪ್ ಅಲ್ಲ

ಒಂದೇ ಮನೆಯಲ್ಲಿ ಮೂರು ಕಂಪ್ಯೂಟರ್ ಇರುವುದು ಈಗ ದೊಡ್ಡ ಮಾತಲ್ಲ. ಅಪ್ಪನ ಹಳೇ ಡೆಸ್ಕ್‌ಟಾಪ್‌ನಲ್ಲಿ ಅಂಗಡಿಯ ಟ್ಯಾಲಿ ಲೆಕ್ಕ, ಜಮೀನಿನ ಕಾಗದಗಳ ಸ್ಕ್ಯಾನ್. ಅಮ್ಮನ ಲ್ಯಾಪ್‌ಟಾಪ್‌ನಲ್ಲಿ ಹತ್ತು ಹದಿನೈದು ವರ್ಷಗಳ ಫೋಟೊಗಳು. ಮಗಳ ಮ್ಯಾಕ್‌ಬುಕ್‌ನಲ್ಲಿ ಕಾಲೇಜಿನ ಪ್ರಾಜೆಕ್ಟ್. ಎಲ್ಲಕ್ಕೂ ಸೇರಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದರೆ ನಿಶ್ಚಿಂತೆ ಎಂದು ಬಹಳ ಮಂದಿ ನಂಬಿದ್ದಾರೆ. ತರುವುದೇನೋ ಸರಿ. ಲ್ಯಾಪ್‌ಟಾಪ್ ತುಂಬಿತೆಂದು ಫೋಟೊಗಳನ್ನು ಕಟ್ ಮಾಡಿ ಅದಕ್ಕೆ ಪೇಸ್ಟ್ ಮಾಡಿಬಿಡುತ್ತಾರಲ್ಲ, ಅಪಾಯ ಇರುವುದು ಅಲ್ಲಿ. ಆಮೇಲೆ ಉಳಿಯುವುದು ಒಂದೇ ಪ್ರತಿ, ಅದೂ ಕೈಜಾರಿ ಬೀಳಬಹುದಾದ ಪೆಟ್ಟಿಗೆಯಲ್ಲಿ. ಇದು ಸಾಗಣೆಯೇ ಹೊರತು ಬ್ಯಾಕಪ್ ಅಲ್ಲ. ಮೂಲವೂ ಉಳಿದು, ನಕಲೂ ಬೇರೆ ಕಡೆ ಇದ್ದರೆ ಮಾತ್ರ ಅದನ್ನು ಬ್ಯಾಕಪ್ ಎನ್ನಬಹುದು.

ಹಲವು ಕಂಪ್ಯೂಟರ್‌ಗಳಿಗೆ ಒಂದೇ ಡಿಸ್ಕ್ ಬಳಸಲು ತಾಂತ್ರಿಕವಾಗಿ ಅಡ್ಡಿಯಿಲ್ಲ. ವಿಂಡೋಸ್ 8ರಿಂದ ಬಂದಿರುವ ‘ಫೈಲ್ ಹಿಸ್ಟರಿ’ ಪ್ರತಿ ಕಂಪ್ಯೂಟರ್‌ನ ಹೆಸರಿನಲ್ಲಿ ಪ್ರತ್ಯೇಕ ಫೋಲ್ಡರ್ ಮಾಡಿಕೊಳ್ಳುವುದರಿಂದ ಅಪ್ಪನದು ಅಮ್ಮನದು ಬೆರೆಯುವುದಿಲ್ಲ. ಒಂದು ಎಚ್ಚರಿಕೆ ಬೇಕು. ಅದು ತಾನಾಗಿ ಕಾಯುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರ್‌ಗಳನ್ನು ಮಾತ್ರ. ನಮ್ಮಲ್ಲಿ ಅನೇಕರು ಮುಖ್ಯವಾದದ್ದನ್ನೆಲ್ಲ ‘ಡಿ ಡ್ರೈವ್’ನಲ್ಲಿ ಇಡುತ್ತಾರೆ, ಅದನ್ನು ನಾವೇ ಲೈಬ್ರರಿಗೆ ಸೇರಿಸದಿದ್ದರೆ ನಕಲಾಗುವುದಿಲ್ಲ. ಟ್ಯಾಲಿ ಡೇಟಾ ಎಲ್ಲಿದೆ ಎಂದು ಲೆಕ್ಕ ಬರೆಯುವವರನ್ನೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮ್ಯಾಕ್‌ನ ದಾರಿ ಬೇರೆ. 2007ರಿಂದ ಅದರಲ್ಲಿರುವ ‘ಟೈಮ್ ಮಷೀನ್’ಗೆ ತನ್ನದೇ ಜಾಗ ಬೇಕು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದಬಲ್ಲದು, ಆದರೆ ತಾನಾಗಿ ಅದರ ಮೇಲೆ ಬರೆಯಲಾರದು. ಹಾಗಾಗಿ ಹೊಸ ಡಿಸ್ಕ್ ಖಾಲಿ ಇರುವಾಗಲೇ ಎರಡು ಪಾಲು ಮಾಡಿಸಬೇಕು. ಮ್ಯಾಕ್‌ನಲ್ಲಿರುವ ಜಾಗದ ಎರಡರಷ್ಟನ್ನಾದರೂ ಅದರ ಪಾಲಿಗೆ ಬಿಡಿ. ಅಂಗಡಿಯವರು 1 ಟಿಬಿ ಎಂದು ಕೊಟ್ಟದ್ದನ್ನು ವಿಂಡೋಸ್ ಸುಮಾರು 931 ಜಿಬಿ ಎಂದು ತೋರಿಸುತ್ತದೆ; ಮೋಸವೇನಲ್ಲ, ಎಣಿಕೆಯ ಕ್ರಮ ಬೇರೆ ಅಷ್ಟೆ.

ಕನ್ನಡದಲ್ಲಿ ಬರೆಯುವವರ ಮನೆಯಲ್ಲಿ ಇನ್ನೊಂದು ವಿಷಯವಿದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳು ಆಯಾ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅಜ್ಜ ಬರೆದಿಟ್ಟ ಮನೆತನದ ಚರಿತ್ರೆಯ ಕಡತವಷ್ಟೇ ನಕಲಾಗಿ ಫಾಂಟ್ ಕಳೆದುಹೋದರೆ, ಇದ್ದೂ ಓದಲಾಗದು. ಕಡತದ ಜೊತೆ ಫಾಂಟ್ ಫೈಲನ್ನೂ ಒಂದು ಪಿಡಿಎಫ್ ಪ್ರತಿಯನ್ನೂ ಇಡಬೇಕು.

ನಕಲು ಮಾಡುವ ವ್ಯವಸ್ಥೆ ಇದ್ದರಷ್ಟೇ ಸಾಲದು, ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ ಒಂದು ತಪ್ಪು ಆದೇಶದಿಂದ ‘ಟಾಯ್ ಸ್ಟೋರಿ 2’ ಚಿತ್ರದ ಬಹುಭಾಗ ಅಳಿಸಿಹೋಯಿತು. ಬ್ಯಾಕಪ್ ನೋಡಿದರೆ, ಅದೂ ಕೆಲವು ಕಾಲದಿಂದ ಸರಿಯಾಗಿ ಆಗಿರಲಿಲ್ಲ. ಚಿತ್ರವನ್ನು ಉಳಿಸಿದ್ದು ತಂತ್ರಜ್ಞೆ ಗ್ಯಾಲಿನ್ ಸುಸ್ಮನ್ ಮನೆಯ ಕಂಪ್ಯೂಟರ್. ಆಗಷ್ಟೇ ಹೆರಿಗೆಯಾಗಿದ್ದ ಅವರು ಮನೆಯಿಂದ ಕೆಲಸ ಮಾಡಲೆಂದು ಅದರಲ್ಲಿ ಪ್ರತಿ ಇಟ್ಟುಕೊಂಡಿದ್ದರು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದ ಮೇಲೆ ನಾವು ತಿಂಗಳಿಗೊಮ್ಮೆ ಯಾವುದಾದರೂ ಹತ್ತು ಫೋಟೊ, ಒಂದು ಲೆಕ್ಕದ ಕಡತವನ್ನು ಬ್ಯಾಕಪ್‌ನಿಂದ ಇನ್ನೊಂದು ಕಂಪ್ಯೂಟರ್‌ಗೆ ಇಳಿಸಿ ತೆರೆದು ನೋಡುವುದು ಹೆಚ್ಚಲ್ಲ.

ಕೆಲಸ ಮುಗಿದ ಕೂಡಲೇ ಡಿಸ್ಕ್ ಬಿಚ್ಚಿಡಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕರೆ ಸಿಕ್ಕಿಸಿರುವ ಡಿಸ್ಕನ್ನೂ ಬಿಡುವುದಿಲ್ಲ. ಕಳ್ಳತನ, ಬೆಂಕಿ, ಮಳೆನೀರು ನುಗ್ಗುವುದು, ಇವು ಕಂಪ್ಯೂಟರನ್ನೂ ಪಕ್ಕದ ಡಿಸ್ಕನ್ನೂ ಒಟ್ಟಿಗೇ ಕೊಂಡೊಯ್ಯುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ಸೂತ್ರವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಬೆಂಗಳೂರಿನಲ್ಲಿ ನೆಲೆಸಿದವರಿಗೆ ಇದು ಕಷ್ಟವಲ್ಲ: ಹಬ್ಬಕ್ಕೆ ಊರಿಗೆ ಹೋಗುವಾಗ ಹೊಸ ಬ್ಯಾಕಪ್ ಇರುವ ಡಿಸ್ಕ್ ಒಯ್ದು ಅಲ್ಲಿಟ್ಟು, ಅಲ್ಲಿದ್ದ ಹಳೆಯದನ್ನು ತಂದರಾಯಿತು. ಡಿಸ್ಕ್ ಕೈತಪ್ಪಿದರೂ ಮಾಹಿತಿ ಬೇರೆಯವರಿಗೆ ಸಿಗದಂತೆ ಪಾಸ್‌ವರ್ಡ್ ಹಾಕಿರಬೇಕು, ಆ ಪಾಸ್‌ವರ್ಡ್ ಮನೆಯ ಇಬ್ಬರಿಗಾದರೂ ಗೊತ್ತಿರಬೇಕು.