ದೂರದ ಗ್ಯಾಲಕ್ಸಿಯ ಕಣಗಳು ನಮ್ಮ ದೇಹ ತೂರಿ ಬಂದರೆ ಅಪಾಯವೇ?

ಬಾಹ್ಯಾಕಾಶದ ಕಣಗಳು ನಮ್ಮ ದೇಹವನ್ನು ತೂರಿ ಹೋಗುತ್ತವೆ ಎಂಬ ಸಂದೇಶ ನಿಮಗೂ ಬಂದಿರಬಹುದು. ಮಾತು ನಿಜ, ಆದರೆ ಭಯ ಬೇಡ. ಸೂರ್ಯನಿಂದಲೇ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ನಮ್ಮ ಹೆಬ್ಬೆರಳಿನ ಉಗುರನ್ನು ದಾಟುತ್ತವೆ. ಅವು ಯಾವುದಕ್ಕಾದರೂ ಡಿಕ್ಕಿ ಹೊಡೆಯುವುದು ತೀರಾ ಅಪರೂಪ.

ಅದಕ್ಕೇ ಅವನ್ನು ಹಿಡಿಯುವುದು ಕಷ್ಟ. ದಕ್ಷಿಣ ಧ್ರುವದ ಐಸ್‌ಕ್ಯೂಬ್ ಕೇಂದ್ರವು ಒಂದು ಘನ ಕಿಲೋಮೀಟರ್ ಮಂಜುಗಡ್ಡೆಯಲ್ಲಿ 5,160 ಸೆನ್ಸರ್ ಇಳಿಸಿ ಕಾಯುತ್ತಿದೆ. ನ್ಯೂಟ್ರಿನೊಗೆ ವಿದ್ಯುದಾವೇಶ ಇಲ್ಲ, ಕಾಂತಕ್ಷೇತ್ರ ಅದರ ದಾರಿ ತಪ್ಪಿಸದು. ಹಾಗಾಗಿ ಬಂದ ದಿಕ್ಕೇ ಮೂಲದ ಸುಳಿವು. 2011ರಿಂದ 2020ರವರೆಗಿನ ದತ್ತಾಂಶ ಜಾಲಾಡಿದಾಗ, 4.7 ಕೋಟಿ ಜ್ಯೋತಿರ್ವರ್ಷ ದೂರದ ಸಕ್ರಿಯ ಗ್ಯಾಲಕ್ಸಿ ಎನ್‌ಜಿಸಿ 1068ರ ಕಡೆಯಿಂದ ಬಂದವೆಂದು ಸಿಕ್ಕಿದ್ದು ಸುಮಾರು 80 ಮಾತ್ರ.

ಇಷ್ಟು ಸಾಧುವಾದ ಕಣಕ್ಕೆ ನಾವು ಹೆದರಬೇಕಿಲ್ಲ.