ಯಂತ್ರದ ಎಣಿಕೆಯಲ್ಲಿ ಇಂಗಳೇಶ್ವರ

ಇಂಗಳೇಶ್ವರದ ವಚನ ಶಿಲಾಮಂಟಪದಲ್ಲಿ ಶರಣರ ಮಾತುಗಳನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಅಕ್ಷರ ಬಲ್ಲವರು ಯಾರೇ ಆಗಲಿ, ಎದುರಿಗೆ ನಿಂತು ಓದಬಹುದು; ಓದಿ ಒಪ್ಪಬಹುದು, ಒಪ್ಪದಿದ್ದರೆ ತಕರಾರನ್ನೂ ತೆಗೆಯಬಹುದು. ಬಸವನ ಬಾಗೇವಾಡಿ ತಾಲ್ಲೂಕಿನ ಈ ಊರು ಬಸವಣ್ಣನವರ ತಾಯಿಯ ತವರೆಂದು ಪ್ರತೀತಿ. ಇಂಥ ಊರಿನ ಹೆಸರು ಹಿಡಿದುಕೊಂಡು ಕೃತಕ ಬುದ್ಧಿಯ ವೈದ್ಯಕ್ಕೆ ಹಾಕಬೇಕಾದ ಕಟ್ಟುಪಾಡುಗಳನ್ನು ಕುರಿತು ಬರೆಯಹೊರಟದ್ದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಈ ಹೊಸ ವಿದ್ಯೆಯನ್ನು ಒರೆಗೆ ಹಚ್ಚಬೇಕಾದುದು ಇಂಥ ಊರುಗಳಲ್ಲಿಯೇ ಎಂದು ನನ್ನ ಎಣಿಕೆ.

ಇಲ್ಲಿಯ ಒಬ್ಬ ಒಕ್ಕಲಗಿತ್ತಿಯನ್ನು ಊಹಿಸಿಕೊಳ್ಳೋಣ. ವಯಸ್ಸು ಅರವತ್ತರ ಮೇಲೆ. ಎರಡು ವರ್ಷದಿಂದ ಆಗಾಗ ಎದೆನೋವು. ನೋವು ಬಂದಾಗ ನಾಲ್ಕು ಕಾಳು ಅಜವಾನ ಜಗಿದು, ಬದುವಿನ ಮೇಲೆ ತುಸು ಹೊತ್ತು ಕುಳಿತು, ಮತ್ತೆ ಜೋಳದ ಹೊಲದ ಕಳೆ ತೆಗೆಯಲು ಏಳುತ್ತಾಳೆ. ಜಿಲ್ಲಾ ಆಸ್ಪತ್ರೆ ಇರುವುದು ವಿಜಯಪುರದಲ್ಲಿ. ಹೋಗಿಬರುವುದೆಂದರೆ ಅವಳ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬರುವ ಮಗನ ಕೂಲಿಯೂ ಹೋಯಿತು. ಹೀಗಾಗಿ ಯಾವ ಆಸ್ಪತ್ರೆಯ ದಫ್ತರದಲ್ಲಿಯೂ ಅವಳ ಹೆಸರಿನ ಒಂದು ಕಾಗದವಿಲ್ಲ. ನಾಳೆ ಯಾರಿಗೆ ಮೊದಲು ಚಿಕಿತ್ಸೆ ಸಿಗಬೇಕೆಂಬ ಪಟ್ಟಿಯನ್ನು ಯಂತ್ರವು ಹಳೆಯ ಕಾಗದಗಳನ್ನೇ ನೋಡಿ ತಯಾರಿಸುವುದಾದರೆ, ಆಕೆ ಅದರ ಕಣ್ಣಿಗೆ ಆರೋಗ್ಯವಂತೆ!

ಹೀಗೆ ನಡೆದದ್ದುಂಟು. ಅಮೆರಿಕದಲ್ಲಿ ವಿಶೇಷ ಆರೈಕೆ ಯಾರಿಗೆ ಬೇಕೆಂದು ಆರಿಸಲು ಬಳಸುತ್ತಿದ್ದ ಒಂದು ತಂತ್ರಾಂಶವನ್ನು ಜಿಯಾದ್ ಓಬರ್ಮೈಯರ್ ಮತ್ತು ಸಂಗಡಿಗರು ಪರೀಕ್ಷಿಸಿ, 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದರ ಬಣ್ಣ ಬಯಲು ಮಾಡಿದರು. ರೋಗಿಯ ಜನಾಂಗ ಯಾವುದೆಂದು ಆ ತಂತ್ರಾಂಶಕ್ಕೆ ಯಾರೂ ಹೇಳಿರಲಿಲ್ಲ. ಹೇಳಿದ್ದು ಖರ್ಚಿನ ಲೆಕ್ಕವನ್ನು: ಹೆಚ್ಚು ಖರ್ಚಾದವನಿಗೆ ಹೆಚ್ಚು ಕಾಯಿಲೆ ಎಂದು ಅದು ಕಲಿತುಕೊಂಡಿತ್ತು. ಅದೇ ಕಾಯಿಲೆಯಿರುವ ಕಪ್ಪು ಜನಾಂಗದವರ ಮೇಲೆ ಆ ದೇಶದಲ್ಲಿ ಖರ್ಚಾಗುತ್ತಿದ್ದುದು ಕಡಿಮೆ. ಆದ್ದರಿಂದ ಬಿಳಿಯರಷ್ಟೇ ಅಂಕ ಪಡೆದ ಕಪ್ಪು ಜನರು ವಾಸ್ತವವಾಗಿ ಅವರಿಗಿಂತ ಹೆಚ್ಚು ಕಾಯಿಲೆಯವರಾಗಿದ್ದರು. ಈ ದೋಷವನ್ನು ತಿದ್ದಿದ್ದರೆ ಹೆಚ್ಚಿನ ನೆರವಿಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇಕಡ 17.7ರಿಂದ 46.5ಕ್ಕೆ ಏರುತ್ತಿತ್ತು. ಕೆಡುಕು ಬಗೆಯಬೇಕೆಂದು ಯಾರೂ ಹೊರಟಿರಲಿಲ್ಲ. ಲೆಕ್ಕ ತಪ್ಪಿರಲಿಲ್ಲ, ಅಳತೆಗೋಲೇ ತಪ್ಪಾಗಿತ್ತು.

ಯಂತ್ರವನ್ನು ಹಳಿಯಬೇಕೆಂಬುದು ನನ್ನ ಉದ್ದೇಶವಲ್ಲ. ನೇತ್ರತಜ್ಞರಿಲ್ಲದ ಕಡೆ ಸಕ್ಕರೆ ಕಾಯಿಲೆಯವರ ಕಣ್ಣಿನ ಚಿತ್ರ ನೋಡಿ ಮುಂದಣ ಕುರುಡನ್ನು ಮುಂಚಿತವಾಗಿ ತಿಳಿಸಬಲ್ಲ ಸಾಧನವನ್ನು ಬೇಡವೆನ್ನುವವರು ಯಾರು? ಆದರೆ ಪ್ರಯೋಗಶಾಲೆಯಲ್ಲಿ ಚೆನ್ನಾಗಿ ತೇರ್ಗಡೆಯಾಗಿದ್ದ ಅಂಥದೊಂದು ಸಾಧನವನ್ನು ಗೂಗಲ್ ಸಂಸ್ಥೆಯವರು ಥಾಯ್ಲೆಂಡಿನ ಚಿಕಿತ್ಸಾಲಯಗಳಿಗೆ ಒಯ್ದಾಗ ಏನಾಯಿತೆಂಬುದನ್ನು 2020ರಲ್ಲಿ ಅವರೇ ವರದಿ ಮಾಡಿದರು. ಮೊದಲ ಆರು ತಿಂಗಳ 1838 ಚಿತ್ರಗಳಲ್ಲಿ ಶೇಕಡ 21ರಷ್ಟನ್ನು ಯಂತ್ರವು ಪರೀಕ್ಷೆಗೆ ತಕ್ಕಷ್ಟು ಸ್ಪಷ್ಟವಾಗಿಲ್ಲವೆಂದು ಹಿಂದಿರುಗಿಸಿತು. ಬೆಳಕು ಸಾಲದ ಕೋಣೆ, ನಿಧಾನವಾದ ಅಂತರಜಾಲ, ಬಾಗಿಲಲ್ಲಿ ಕಾದು ನಿಂತ ಜನ: ಇವು ಪ್ರಯೋಗಶಾಲೆಯಲ್ಲಿ ಇರಲಿಲ್ಲ. ನಮ್ಮ ಹಳ್ಳಿಗಳ ದವಾಖಾನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ನಿಯಮಗಳಿಲ್ಲವೆ? ಕೆಲವು ಇವೆ. 2020ರ ಮಾರ್ಚ್ 25ರಂದು ಹೊರಬಿದ್ದ ದೂರವೈದ್ಯ ಮಾರ್ಗಸೂಚಿಯು, ಕೃತಕ ಬುದ್ಧಿಯ ವ್ಯವಸ್ಥೆಗಳು ರೋಗಿಗೆ ಸಲಹೆ ಕೊಡಕೂಡದು, ಔಷಧ ಬರೆಯಕೂಡದು, ಅದು ನೋಂದಾಯಿತ ವೈದ್ಯನ ಅಧಿಕಾರವೆಂದು ಸ್ಪಷ್ಟವಾಗಿ ಹೇಳಿತು. ಯಂತ್ರವು ವೈದ್ಯನಿಗೆ ನೆರವಾಗಬಹುದು, ಅಷ್ಟೆ. ಅದೇ ವರ್ಷ ಏಪ್ರಿಲ್ 1ರಿಂದ ಚಿಕಿತ್ಸೆಗೆ ಸಂಬಂಧಿಸಿದ ತಂತ್ರಾಂಶವೂ ವೈದ್ಯಕೀಯ ಸಾಧನಗಳ ಕಾನೂನಿನ ಅಡಿಗೆ ಬಂದಿತು. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನೀತಿಸೂತ್ರಗಳನ್ನು ಪ್ರಕಟಿಸಿತು. ಸೂತ್ರಗಳೇನೋ ಒಳ್ಳೆಯವೇ, ಸೂತ್ರಕ್ಕೆ ಕಾನೂನಿನ ಕಸುವು ಇರುವುದಿಲ್ಲ.

ತೊಡಕು ಇರುವುದು ವೈದ್ಯನ ಸಹಿಯಲ್ಲಿ. ನೂರಾರು ರೋಗಿಗಳನ್ನು ಒಂದೇ ಬೆಳಗ್ಗೆ ನೋಡಬೇಕಾದ ವೈದ್ಯನು ಪರದೆಯ ಮೇಲೆ ಮೂಡಿದ ಮಾತನ್ನು ಅನುಮಾನಿಸುತ್ತ ಕೂಡುವನೆ? ಯಂತ್ರದ ಮಾತನ್ನು ಮೀರಿ ನಡೆದು ತಪ್ಪಿದರೆ ಅಪವಾದ ಅವನ ಮೇಲೆ. ಯಂತ್ರ ಹೇಳಿದಂತೆ ನಡೆದು ತಪ್ಪಿದರೆ ಕೇಳುವವರಿಲ್ಲ. ಹೀಗಿರುವಾಗ ಸಹಿ ವೈದ್ಯನದಾದರೂ ನಿರ್ಧಾರ ಯಂತ್ರದ್ದೇ ಆಗಿಬಿಡುತ್ತದೆ. ಇನ್ನು ವಿಮೆಯ ಮಂಜೂರಾತಿಯಲ್ಲಿ ಇಷ್ಟೂ ರಕ್ಷಣೆಯಿಲ್ಲ, ಅಲ್ಲಿ ರೋಗಿಯ ಮುಖವನ್ನೇ ಯಾರೂ ನೋಡುವುದಿಲ್ಲ. ಚಿಕಿತ್ಸೆ ಅಗತ್ಯವಿಲ್ಲವೆಂದು ವಿಮೆಯನ್ನು ನಿರಾಕರಿಸುವ ತೀರ್ಮಾನವನ್ನು ಯಂತ್ರವೊಂದೇ ಮಾಡಕೂಡದು, ಅರ್ಹ ವೈದ್ಯರು ಮಾಡಬೇಕೆಂದು ಕ್ಯಾಲಿಫೋರ್ನಿಯ ರಾಜ್ಯವು ಶಾಸನ ಮಾಡಿ 2025ರ ಜನವರಿಯಿಂದ ಜಾರಿಗೆ ತಂದಿತು. ನಮಗೂ ಅಂಥದೊಂದು ಬೇಕು. ಅದರೊಡನೆ, ಯಂತ್ರವನ್ನು ಕೊಳ್ಳುವ ಮೊದಲು ಅದು ವಿಜಯಪುರ, ಸಿಂದಗಿ, ಮುದ್ದೇಬಿಹಾಳದ ಜನರ ಮೇಲೆ ಪರೀಕ್ಷಿತವಾಗಿದೆಯೆ ಎಂದು ಕೇಳುವ ಅಧಿಕಾರಿಯೂ, ಆ ಪರೀಕ್ಷೆಯ ಫಲವನ್ನು ಎಲ್ಲರೂ ಓದುವಂತೆ ಕನ್ನಡದಲ್ಲಿ ಪ್ರಕಟಿಸುವ ಕಟ್ಟಳೆಯೂ ಬೇಕು.

ನಮ್ಮ ಒಕ್ಕಲಗಿತ್ತಿ ಒಂದು ದಿನ ಬಾಗೇವಾಡಿಗೆ ಬಂದು, ಆಸ್ಪತ್ರೆಯ ಕಿಟಕಿಯ ಮುಂದೆ ನಿಂತು, “ಪಟ್ಟ್ಯಾಗ ನನ್ನ ಹೆಸರ ಯಾಕ ಬಂದಿಲ್ರೀ?” ಎಂದು ಕೇಳಿಯಾಳು. ಕಿಟಕಿಯ ಆಚೆಗಿನ ಗುಮಾಸ್ತನಿಗೆ ಕಾರಣ ತಿಳಿಯದು, ವೈದ್ಯನಿಗೂ ತಿಳಿಯದು. ಅವಳಿಗೆ ಉತ್ತರ ಕೊಡಬೇಕಾದವರು ಯಾರು ಎಂಬುದನ್ನು ಹೆಸರು ಹುದ್ದೆಗಳ ಸಮೇತ ಆ ಪಟ್ಟಿಯ ಕೆಳಗೆಯೇ ಬರೆದಿರಬೇಕು.