ಕೋಣೆಯ ಕೆಲಸ, ವೇದಿಕೆಯ ಕೆಲಸ

ಎಲೆಕ್ಟ್ರಾನಿಕ್ ಸಂಗೀತದಲ್ಲಿ ‘ಪ್ರೊಡ್ಯೂಸರ್’ ಅಂದರೆ ಸಿನಿಮಾದ ಹಾಗೆ ದುಡ್ಡು ಹಾಕುವವನಲ್ಲ. ಕಂಪ್ಯೂಟರಿನಲ್ಲಿ ಮಟ್ಟು, ತಾಳ, ನಾದ ಎಲ್ಲವನ್ನೂ ತಾನೇ ಕಟ್ಟುವವನು. ಸ್ಟಾಕ್‌ಹೋಮಿನ ಟಿಮ್ ಬರ್ಗ್‌ಲಿಂಗ್ (1989–2018) ಹೀಗೆ ಮನೆಯ ಕೋಣೆಯಲ್ಲಿ ಎಫ್‌ಎಲ್ ಸ್ಟುಡಿಯೋ ಎಂಬ ಸಾಫ್ಟ್‌ವೇರ್ ಹಿಡಿದು ಕೂತ ಹುಡುಗ. ಇಟ್ಟುಕೊಂಡ ಹೆಸರು ‘ಅವೀಚಿ’. ಹೌದು, ಬೌದ್ಧ ಗ್ರಂಥಗಳಲ್ಲಿ ಬರುವ ಆ ನರಕವೇ. 2011ರ ‘ಲೆವೆಲ್ಸ್’ನಲ್ಲಿ ಎಟಾ ಜೇಮ್ಸ್ 1962ರಲ್ಲಿ ಹಾಡಿದ್ದ ಒಂದು ತುಣುಕನ್ನು ಎತ್ತಿ ತನ್ನ ಸಿಂಥ್ ಮಟ್ಟಿನ ನಡುವೆ ಕೂರಿಸಿದ. ಲೋಕವೆಲ್ಲ ಕುಣಿಯಿತು.

ತೊಡಕು ಶುರುವಾಗೋದೂ ಇಲ್ಲಿಂದಲೇ. ಹಾಡು ಹುಟ್ಟೋದು ಕೋಣೆಯಲ್ಲಿ, ಸಂಪಾದನೆ ಬರೋದು ಹೆಚ್ಚಾಗಿ ವೇದಿಕೆಯಿಂದ. ಈ ಗೋಷ್ಠಿಯಲ್ಲಿರುವ ಕಾಸರಗೋಡಿನವರಿಗೆ ಗೊತ್ತು: ಯಕ್ಷಗಾನ ಮೇಳದಲ್ಲಿ ಇಡೀ ರಾತ್ರಿಯ ಆಟವನ್ನು ಒಬ್ಬರೇ ಭಾಗವತರು ಹಾಡಿ ಮುಗಿಸೋದಿಲ್ಲ, ಹಂಚಿಕೊಳ್ತಾರೆ. ಇಂಥ ಡಿಜೆಗೆ ಆ ಹಂಚಿಕೆ ಇಲ್ಲ. ಇವತ್ತೊಂದು ಊರು, ನಾಳೆ ಇನ್ನೊಂದು ದೇಶ, ಜೊತೆಗೆ ಕುಡಿತ. 2012ರಲ್ಲೇ ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಆಸ್ಪತ್ರೆ ಸೇರಿದ. 2016ರ ಮಾರ್ಚಿನಲ್ಲಿ, ಬರೀ 26ಕ್ಕೆ, ಪ್ರವಾಸ ಬಿಡ್ತೇನೆ ಅಂತ ಪ್ರಕಟಿಸಿದ. ಸಂಗೀತ ಬಿಡಲಿಲ್ಲ, ಅದನ್ನು ಗಮನಿಸಬೇಕು. 2018ರ ಏಪ್ರಿಲ್ 20ರಂದು ಮಸ್ಕತ್‌ನಲ್ಲಿ ತೀರಿಕೊಂಡ. ಅರೆಬರೆಯಾಗಿ ಉಳಿದ ಹಾಡುಗಳನ್ನು ಜೊತೆಗಾರರು ಪೂರ್ತಿ ಮಾಡಿ, 2019ರಲ್ಲಿ ‘ಟಿಮ್’ ಎಂದು ಹೆಸರಿಟ್ಟು ಹೊರತಂದರು.